ಕಂಡದ್ದನ್ನು ಕಂಡಂತೆ ಹೇಳುವುದೂ ಅಮಾನತ್



ರಮಝಾನ್ ಹತ್ತಿರವಾದಂತೆ ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ಚಾಂದ್ ಕಂಡಿತೇ? ಒಂದೇ ಕುಟುಂಬದಲ್ಲಿ ಎರಡು ದಿನ ಈದ್ ಆದರೆ ಮನಸ್ಸುಗಳು ನೋಯುತ್ತವೆ. ಆದ್ದರಿಂದ ಆಕಾಶ ನೋಡಲು ಕಲಿಯುವುದು ನಮಗೆ ಬರೀ ಹವ್ಯಾಸವಲ್ಲ. ಬಾಲಚಂದ್ರವು ಜನರಿಗೂ ಹಜ್ಜ್‌ಗೂ ಕಾಲಸೂಚಿ ಎಂದು ಪವಿತ್ರ ಕುರ್‌ಆನ್ (2:189) ತಿಳಿಸುತ್ತದೆ.

ಈ ವಿಷಯದಲ್ಲಿ ಹವ್ಯಾಸಿ ಖಗೋಳ ವೀಕ್ಷಕರಿಂದ ನಾವು ಕಲಿಯುವುದಿದೆ. ಘಟ್ಟದ ಕೆಳಗೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಇಂಥವರ ಸಂಘವೊಂದಿದ್ದು, ಗ್ರಹಣ ಮುಂತಾದವನ್ನು ಸಾರ್ವಜನಿಕರಿಗೆ ತೋರಿಸುತ್ತದೆ. ನಮ್ಮ ರೈತರು ಮಳೆ ಲೆಕ್ಕ ಹಾಕುವ ಆರ್ದ್ರಾ ನಕ್ಷತ್ರವನ್ನು ಪಾಶ್ಚಾತ್ಯರು ಬೀಟಲ್‌ಜ್ಯೂಸ್ ಎನ್ನುತ್ತಾರೆ. ಆ ಹೆಸರಿನ ಮೂಲ ಅರಬಿ. 2019ರ ಕೊನೆಯಲ್ಲಿ ಅದು ಮಂಕಾದಾಗ, ಹಲವು ದೇಶಗಳ ಹವ್ಯಾಸಿಗಳು ಅದರ ಬೆಳಕನ್ನು ಅಂದಾಜಿಸಿ ದಾಖಲಿಸಿದರು. ಅದೇ ವರ್ಷ ಆಗಸ್ಟ್ 30ರಂದು ಗೆನ್ನಡಿ ಬೋರಿಸೊವ್ ಎಂಬ ಹವ್ಯಾಸಿ, ತಾನೇ ತಯಾರಿಸಿದ ದೂರದರ್ಶಕದಲ್ಲಿ ಸೌರವ್ಯೂಹದ ಹೊರಗಿನಿಂದ ಬಂದ ಧೂಮಕೇತುವನ್ನು ಗುರುತಿಸಿದರು. ಅವರ ಮಾತನ್ನು ಜಗತ್ತು ನಂಬಿದ್ದು ಸುಮ್ಮನೆ ಅಲ್ಲ. ಸಮಯ, ಸ್ಥಳ, ದಿಕ್ಕನ್ನು ಬರೆದಿಟ್ಟಿದ್ದರಿಂದ ಇತರರೂ ಅಲ್ಲಿಯೇ ನೋಡಿ ಖಚಿತಪಡಿಸಿಕೊಂಡರು. ಏನೂ ಕಾಣದ ರಾತ್ರಿಯಲ್ಲಿ 'ಕಾಣಲಿಲ್ಲ' ಎಂದು ಬರೆಯುವುದೂ ಇಂಥ ವೀಕ್ಷಕರ ಶಿಸ್ತು.

ಹಿಲಾಲ್ ಕಾಣುವುದು ಏಕೆ ಕಷ್ಟ? ಚಾಂದ್ರಮಾಸ ಸರಾಸರಿ 29.5 ದಿನ. 29ನೇ ಸಂಜೆ ಚಂದ್ರ ಸೂರ್ಯನಿಗೆ ತೀರಾ ಹತ್ತಿರವಿರಬಹುದು; ಇಬ್ಬರ ನಡುವೆ ಸುಮಾರು 7 ಡಿಗ್ರಿಗಿಂತ ಕಡಿಮೆ ಅಂತರವಿದ್ದರೆ ಬರಿಗಣ್ಣಿಗೆ ಕಾಣುವುದಿಲ್ಲ. ಅಂತರ ಹೆಚ್ಚಿದ್ದರೂ ಚಂದ್ರ ಬೇಗ ಮುಳುಗುತ್ತದೆ. ನಮ್ಮಲ್ಲಿ ಪಶ್ಚಿಮದ ಗುಡ್ಡ, ಮರಗಳು ಅದನ್ನು ಮರೆಮಾಡುತ್ತವೆ. ಮಳೆಗಾಲದಲ್ಲಂತೂ ಮೋಡವೇ ಮೋಡ. ಆದ್ದರಿಂದ ಪಶ್ಚಿಮ ತೆರೆದಿರುವ ಎತ್ತರದ ಜಾಗ ಆರಿಸಿಕೊಳ್ಳಿ. ಸೂರ್ಯ ಪೂರ್ತಿ ಮುಳುಗುವ ಮುನ್ನ ದುರ್ಬೀನನ್ನು ಆ ಕಡೆ ತಿರುಗಿಸಬೇಡಿ, ಕಣ್ಣಿಗೆ ಅಪಾಯ. ಹಿಲಾಲ್‌ನ ಬೆಳಗಿದ ಬದಿ ಸೂರ್ಯ ಮುಳುಗಿದ ಕಡೆಗಿರುತ್ತದೆ. ಕೋಡುಗಳು ಆ ಕಡೆಗೆ ತಿರುಗಿದ್ದವು ಎಂದರೆ ಕಂಡದ್ದು ಹಿಲಾಲ್ ಅಲ್ಲ. ವಿಮಾನದ ಹೊಗೆಗೆರೆಯೂ ಮೋಸ ಮಾಡುತ್ತದೆ.

ಕಂಡರೆ ಗಡಿಯಾರ ನೋಡಿ, ಪಕ್ಕದವರಿಗೂ ತೋರಿಸಿ, ನಂತರ ಖಾಝಿಯವರಿಗೆ ತಿಳಿಸಿ. ತೀರ್ಮಾನ ಅವರದು, ಸತ್ಯ ಸಾಕ್ಷ್ಯ ನಮ್ಮದು. ಕೇಳಿದ ಸುದ್ದಿಯನ್ನು ಕಂಡೆ ಎಂದು ಮೊಬೈಲಿನಲ್ಲಿ ಹಂಚಬೇಡಿ. ಮೋಡ ಕವಿದರೆ ಮೂವತ್ತು ಪೂರ್ಣಗೊಳಿಸಲು ಪ್ರವಾದಿ(ಸ)ರು ಕಲಿಸಿದ್ದಾರೆ. ಕಾಣದಿದ್ದುದಕ್ಕೆ ನಾಚಿಕೆ ಬೇಕಿಲ್ಲ.

ಕಣ್ಣಿಗೂ ನಾಲಿಗೆಗೂ ಸತ್ಯವನ್ನು ಅಲ್ಲಾಹನು ದಯಪಾಲಿಸಲಿ. ಆಮೀನ್.