ಅಡಿಟಿಪ್ಪಣಿಯಿಂದ ಪಠ್ಯಕ್ಕೆ: ಅಮೆರಿಕದ ಕಪ್ಪು ಲೇಖಕಿಯರು ಮತ್ತು ಓದಿನ ಶಿಫಾರಸು

1

ಯಾವುದೇ ಭಾಷೆಯ ಸಾಹಿತ್ಯ ಚರಿತ್ರೆಯು ಆ ಭಾಷೆಯಲ್ಲಿ ಬರೆದವರೆಲ್ಲರ ಚರಿತ್ರೆಯಾಗಿರುವುದಿಲ್ಲ. ಅದು ಓದಿಗೆ ಆಯ್ಕೆಯಾದವರ ಚರಿತ್ರೆಯಾಗಿರುತ್ತದೆ. ಪ್ರಕಾಶಕರು, ವಿಮರ್ಶಕರು, ಪಠ್ಯಕ್ರಮ ಮಂಡಳಿಗಳು, ಪ್ರಶಸ್ತಿ ಸಮಿತಿಗಳು ಹಾಗೂ ಗ್ರಂಥಾಲಯಗಳು ಈ ಆಯ್ಕೆಯನ್ನು ನಡೆಸುವ ಸಂಸ್ಥೆಗಳಾಗಿವೆ. ಇವುಗಳ ಹೊರಗೆ ಮತ್ತೊಂದು ಕ್ರಮವೂ ಇದೆ. ಒಬ್ಬ ಓದುಗರು ಮತ್ತೊಬ್ಬರ ಕೈಗೆ ಪುಸ್ತಕವೊಂದನ್ನು ಕೊಟ್ಟು ‘ಇದನ್ನು ಓದಿ’ ಎಂದು ಹೇಳುವ ಕ್ರಮವದು. ಇದನ್ನು ವೈಯಕ್ತಿಕ ಅಭಿರುಚಿಯ ಸಂಗತಿಯೆಂದು ಪರಿಗಣಿಸಿ ವಿಮರ್ಶೆಯು ಸಾಮಾನ್ಯವಾಗಿ ಬದಿಗಿರಿಸಿದೆ. ಆದರೆ ಅಮೆರಿಕದ ಕಪ್ಪು ಮಹಿಳೆಯರ ಬರವಣಿಗೆಯ ಚರಿತ್ರೆಯನ್ನು ಪರಿಶೀಲಿಸಿದಾಗ, ಸಂಸ್ಥೆಗಳು ಮಾಡದೆ ಬಿಟ್ಟ ಕೆಲಸವನ್ನು ಬಹುಕಾಲ ಇಂಥ ಶಿಫಾರಸೇ ನಿರ್ವಹಿಸಿರುವುದು ಕಂಡುಬರುತ್ತದೆ. ಜೋರಾ ನೀಲ್ ಹರ್ಸ್ಟನ್ ಅವರ ಮರುಶೋಧವನ್ನು ಮುಖ್ಯ ನಿದರ್ಶನವಾಗಿರಿಸಿಕೊಂಡು ಈ ಶಿಫಾರಸಿನ ಸ್ವರೂಪ, ಶಕ್ತಿ ಹಾಗೂ ಮಿತಿಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕನ್ನಡದ ಬಳಕೆಯಲ್ಲಿ ‘ಶಿಫಾರಸು’ ಎಂಬ ಪದಕ್ಕೆ ಎರಡು ಅರ್ಥಛಾಯೆಗಳಿವೆ. ಅಧಿಕಾರದಲ್ಲಿರುವವರು ತಮಗಿಂತ ಕೆಳಗಿರುವವರ ಪರವಾಗಿ ನೀಡುವ ಮಾತು ಒಂದು. ಸಮಾನರು ಸಮಾನರಿಗೆ ಹೇಳುವ ಮೆಚ್ಚುಗೆಯ ಮಾತು ಇನ್ನೊಂದು. ಕಪ್ಪು ಲೇಖಕಿಯರ ಚರಿತ್ರೆಯಲ್ಲಿ ಈ ಎರಡೂ ಇವೆ. ಮೊದಲನೆಯದರಿಂದ ಎರಡನೆಯದರ ಕಡೆಗೆ ಆದ ಚಲನೆಯೇ ಆ ಚರಿತ್ರೆಯ ಮುಖ್ಯ ಘಟ್ಟ.

2

ಫಿಲಿಸ್ ವೀಟ್ಲಿ 1761ರಲ್ಲಿ ಗುಲಾಮಳಾಗಿ ಬಾಸ್ಟನ್ ನಗರಕ್ಕೆ ತರಲ್ಪಟ್ಟಾಗ ಏಳೆಂಟು ವರ್ಷದ ಬಾಲಕಿ. ಅವರ ಕವಿತಾ ಸಂಕಲನ 1773ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಈ ಕವಿತೆಗಳನ್ನು ಬರೆದವರು ವೀಟ್ಲಿಯವರೇ ಎಂದು ದೃಢೀಕರಿಸುವ ಹೇಳಿಕೆಯೊಂದು ಆ ಸಂಕಲನದ ಆರಂಭದಲ್ಲಿದೆ. ಅದಕ್ಕೆ ಮ್ಯಾಸಚೂಸೆಟ್ಸ್ ಗವರ್ನರ್ ಥಾಮಸ್ ಹಚಿನ್ಸನ್, ಜಾನ್ ಹ್ಯಾನ್‌ಕಾಕ್ ಮೊದಲಾದ 18 ಮಂದಿ ಗಣ್ಯರು ಸಹಿ ಹಾಕಿದ್ದಾರೆ. ಅವರೆಲ್ಲರೂ ಬಿಳಿಯ ಪುರುಷರು. ಕವಿತೆಯ ಗುಣವನ್ನು ಕುರಿತು ಮಾತು ಆರಂಭವಾಗುವ ಮುನ್ನ ಕವಯಿತ್ರಿಯು ಬರೆಯಬಲ್ಲಳೇ ಎಂಬ ಪ್ರಶ್ನೆಗೆ ಉತ್ತರ ಸಿದ್ಧಪಡಿಸಬೇಕಾಗಿತ್ತು. ಈ ಪ್ರಮಾಣಪತ್ರವು ಪುಸ್ತಕವನ್ನು ಕಾಪಾಡಿತು, ಆದರೆ ಲೇಖಕಿಯನ್ನು ಕಾಪಾಡಲಿಲ್ಲ. ಎರಡನೆಯ ಸಂಕಲನ ಪ್ರಕಟವಾಗದೆಯೇ 1784ರಲ್ಲಿ ವೀಟ್ಲಿ ಬಡತನದಲ್ಲಿ ತೀರಿಕೊಂಡರು.

ಹ್ಯಾರಿಯಟ್ ಜೇಕಬ್ಸ್ ಅವರ ಗುಲಾಮಗಿರಿಯ ಆತ್ಮಕಥನ 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಕಾವ್ಯನಾಮದಲ್ಲಿ ಹೊರಬಂತು. ಇಪ್ಪತ್ತನೆಯ ಶತಮಾನದ ಬಹುಭಾಗ ವಿದ್ವಾಂಸರು ಅದನ್ನು ಕಲ್ಪಿತ ಕಥೆಯೆಂದೋ, ಅದರ ಸಂಪಾದಕಿಯಾಗಿದ್ದ ಬಿಳಿಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಅವರ ರಚನೆಯೆಂದೋ ಭಾವಿಸಿದ್ದರು. ಜೀನ್ ಫೇಗನ್ ಯೆಲಿನ್ ಅವರು 1980ರ ದಶಕದಲ್ಲಿ ಪತ್ರಗಳು ಹಾಗೂ ದಾಖಲೆಗಳ ಆಧಾರದಿಂದ ಜೇಕಬ್ಸ್ ಅವರ ಕರ್ತೃತ್ವವನ್ನು ಸ್ಥಾಪಿಸಿ, 1987ರಲ್ಲಿ ಪರಿಷ್ಕೃತ ಆವೃತ್ತಿಯನ್ನು ಹೊರತಂದರು. ಕೃತಿ ಕಣ್ಣೆದುರಿಗಿದ್ದರೂ ಕರ್ತೃವನ್ನು ನಂಬಲು ಸಮಾಜಕ್ಕೆ ನೂರಿಪ್ಪತ್ತು ವರ್ಷಗಳು ಬೇಕಾದುವು.

ಈ ಅವಗಣನೆಯು ಕೇವಲ ಜನಾಂಗದ್ವೇಷದಿಂದ ಅಥವಾ ಕೇವಲ ಲಿಂಗತಾರತಮ್ಯದಿಂದ ಹುಟ್ಟಿದ್ದಲ್ಲ. 1976ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯವೊಂದು ಐವರು ಕಪ್ಪು ಮಹಿಳೆಯರು ಜನರಲ್ ಮೋಟಾರ್ಸ್ ಕಂಪನಿಯ ವಿರುದ್ಧ ಹೂಡಿದ್ದ ದಾವೆಯಲ್ಲಿ ನೀಡಿದ ತೀರ್ಪು ಇದನ್ನು ಸ್ಪಷ್ಟಪಡಿಸುತ್ತದೆ. ಕಂಪನಿಯು ಮಹಿಳೆಯರನ್ನು ನೇಮಿಸಿಕೊಂಡಿತ್ತು, ಆದರೆ ಅವರು ಬಿಳಿಯರು. ಕಪ್ಪುಜನರನ್ನು ನೇಮಿಸಿಕೊಂಡಿತ್ತು, ಆದರೆ ಅವರು ಪುರುಷರು. ಈ ಎರಡೂ ತಾರತಮ್ಯಗಳನ್ನು ಒಟ್ಟಾಗಿಸಿ ‘ಕಪ್ಪು ಮಹಿಳೆ’ ಎಂಬ ಪ್ರತ್ಯೇಕ ವರ್ಗವಾಗಿ ದೂರು ನೀಡಲು ನ್ಯಾಯಾಲಯ ಒಪ್ಪಲಿಲ್ಲ. ಕಾನೂನು ವಿದ್ವಾಂಸರಾದ ಕಿಂಬರ್ಲಿ ಕ್ರೆನ್‌ಶಾ ಅವರು 1989ರಲ್ಲಿ ಈ ತೀರ್ಪನ್ನು ವಿಶ್ಲೇಷಿಸಿ, ಎರಡು ಬಗೆಯ ದಮನಗಳು ಪರಸ್ಪರ ಛೇದಿಸುವ ಸ್ಥಾನವನ್ನು ಗುರುತಿಸುವ ಪರಿಕಲ್ಪನೆಯನ್ನು ಮಂಡಿಸಿದರು. ಸಾಹಿತ್ಯದಲ್ಲಿಯೂ ಪರಿಸ್ಥಿತಿ ಭಿನ್ನವಾಗಿರಲಿಲ್ಲ. ಮಹಿಳಾ ಸಾಹಿತ್ಯವೆಂದರೆ ಬಿಳಿಯ ಮಹಿಳೆಯರ ಸಾಹಿತ್ಯ, ಕಪ್ಪು ಸಾಹಿತ್ಯವೆಂದರೆ ಕಪ್ಪು ಪುರುಷರ ಸಾಹಿತ್ಯ ಎಂಬ ವಿಂಗಡಣೆಯಲ್ಲಿ ಕಪ್ಪು ಲೇಖಕಿಗೆ ಮನೆಯೇ ಇರಲಿಲ್ಲ.

3

ಹರ್ಸ್ಟನ್ ಅವರ ಬದುಕು ಈ ವಿಂಗಡಣೆಯ ಫಲಿತವನ್ನು ತೋರಿಸುತ್ತದೆ. 1891ರಲ್ಲಿ ಅಲಬಾಮಾದಲ್ಲಿ ಜನಿಸಿ, ಫ್ಲಾರಿಡಾದ ಈಟನ್‌ವಿಲ್ ಎಂಬ ಕಪ್ಪುಜನರದೇ ಆಡಳಿತವಿದ್ದ ಊರಿನಲ್ಲಿ ಬೆಳೆದ ಅವರು ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಿಂದ 1928ರಲ್ಲಿ ಪದವಿ ಪಡೆದರು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ಅವರ ಬಳಿ ಅಧ್ಯಯನ ಮಾಡಿದರು. ದಕ್ಷಿಣದ ಕಪ್ಪುಜನರ ಮೌಖಿಕ ಕಥನಗಳನ್ನು ಸಂಗ್ರಹಿಸಿದ ‘ಮ್ಯೂಲ್ಸ್ ಅಂಡ್ ಮೆನ್’ 1935ರಲ್ಲಿಯೂ, ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಕಾದಂಬರಿ 1937ರಲ್ಲಿಯೂ ಪ್ರಕಟವಾದುವು. ಜೇನಿ ಎಂಬ ಮಹಿಳೆ ಮೂರು ದಾಂಪತ್ಯಗಳ ಮೂಲಕ ತನ್ನ ದನಿಯನ್ನು ಕಂಡುಕೊಳ್ಳುವ ಕಥೆ ಈ ಕಾದಂಬರಿಯದು. ಇಡೀ ಕಥೆಯನ್ನು ಜೇನಿ ತನ್ನ ಗೆಳತಿ ಫೀಬಿಗೆ ಮನೆಯ ಹಿಂಜಗಲಿಯಲ್ಲಿ ಕುಳಿತು ಹೇಳುತ್ತಾಳೆ. ಬೇಕಾದರೆ ಅದನ್ನು ಊರವರಿಗೆ ತಿಳಿಸುವ ಹೊಣೆಯನ್ನೂ ಗೆಳತಿಗೇ ಬಿಡುತ್ತಾಳೆ. ಈ ಕಾದಂಬರಿಯ ಮುಂದಿನ ಚರಿತ್ರೆಯೂ ಇದೇ ಬಗೆಯಲ್ಲಿ ಸಾಗಿತೆಂಬುದು ಗಮನಾರ್ಹ.

ಕಾದಂಬರಿಯನ್ನು ತೀವ್ರವಾಗಿ ನಿರಾಕರಿಸಿದವರಲ್ಲಿ ಕಪ್ಪು ಲೇಖಕ ರಿಚರ್ಡ್ ರೈಟ್ ಪ್ರಮುಖರು. ಕೃತಿಯಲ್ಲಿ ಗಂಭೀರ ಸಾಮಾಜಿಕ ವಸ್ತುವಿಲ್ಲ, ಅದು ಬಿಳಿಯ ಓದುಗರ ವಿನೋದಕ್ಕೆ ಒದಗುತ್ತದೆ ಎಂಬುದು ಅವರ ಆಕ್ಷೇಪಣೆಯ ಸಾರ. ಹಾರ್ಲೆಮ್ ಪುನರುಜ್ಜೀವನದ ಚಿಂತಕ ಅಲೆನ್ ಲಾಕ್ ಕೂಡ ಹೆಚ್ಚು ಭಿನ್ನವಾದ ನಿಲುವು ತಳೆಯಲಿಲ್ಲ. ಗಂಡ-ಹೆಂಡಿರ ನಡುವಣ ಅಧಿಕಾರ ಸಂಬಂಧವೂ ಸಾಮಾಜಿಕ ವಸ್ತುವೇ ಎಂಬ ತಿಳಿವಳಿಕೆಗೆ ಆಗಿನ ವಿಮರ್ಶೆಯಲ್ಲಿ ಅವಕಾಶವಿರಲಿಲ್ಲ. ಪ್ರಕಾಶನ ವ್ಯವಸ್ಥೆಯ ಧೋರಣೆಯನ್ನು ಹರ್ಸ್ಟನ್ ಅವರೇ 1950ರಲ್ಲಿ ‘ನೀಗ್ರೊ ಡೈಜೆಸ್ಟ್’ ಪತ್ರಿಕೆಯ ಲೇಖನವೊಂದರಲ್ಲಿ ವಿಶ್ಲೇಷಿಸಿದ್ದಾರೆ. ಬಿಳಿಯರಲ್ಲದವರಿಗೂ ಸಂಕೀರ್ಣವಾದ ಅಂತರಂಗವಿದೆ ಎಂಬುದನ್ನು ಬಿಳಿಯ ಸಮಾಜ ಊಹಿಸಿಕೊಂಡಿಲ್ಲವಾದ್ದರಿಂದ ಅಂಥ ಅಂತರಂಗದ ಕಥೆಗೆ ಮಾರುಕಟ್ಟೆಯಿಲ್ಲವೆಂದು ಪ್ರಕಾಶಕರು ನಿರ್ಧರಿಸುತ್ತಾರೆ ಎಂಬುದು ಅದರ ವಾದ. ಅದೇ ವರ್ಷ ಅವರು ಮಯಾಮಿಯ ಶ್ರೀಮಂತರ ಮನೆಯೊಂದರಲ್ಲಿ ಮನೆಗೆಲಸ ಮಾಡುತ್ತಿದ್ದರು.

ಹರ್ಸ್ಟನ್ 1945ರಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಸಮುದಾಯದ ಸಾಧಕರಿಗಾಗಿ ಫ್ಲಾರಿಡಾದಲ್ಲಿ ಒಂದು ಸ್ಮಶಾನವನ್ನು ಸ್ಥಾಪಿಸಬೇಕೆಂದು ಸೂಚಿಸಿದ್ದರು. ಯಾವ ಸಾಧಕರೂ ಬಡತನದ ಕಾರಣದಿಂದ ಗುರುತಿಲ್ಲದೆ ಮಣ್ಣಾಗಬಾರದೆಂಬುದು ಅವರ ಕಾಳಜಿಯಾಗಿತ್ತು. ಆ ಸೂಚನೆ ಕೈಗೂಡಲಿಲ್ಲ. ಫ್ಲಾರಿಡಾದ ಫೋರ್ಟ್ ಪಿಯರ್ಸ್ ಊರಿನ ಸರ್ಕಾರಿ ನಿರ್ಗತಿಕರ ಆಶ್ರಯಧಾಮದಲ್ಲಿ 1960ರ ಜನವರಿ 28ರಂದು ಹರ್ಸ್ಟನ್ ನಿಧನರಾದರು. ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ.

4

ಆಲಿಸ್ ವಾಕರ್ ಅವರು ಹರ್ಸ್ಟನ್ ಹೆಸರನ್ನು ಮೊದಲು ಕೇಳಿದ್ದು ಮಿಸಿಸಿಪಿಯ ಜಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ, ಕವಯಿತ್ರಿ ಮಾರ್ಗರೆಟ್ ವಾಕರ್ ಅವರ ತರಗತಿಯಲ್ಲಿ. ಅಲ್ಲಿಯೂ ಪುರುಷ ಲೇಖಕರ ದೀರ್ಘ ಪಟ್ಟಿಯ ಬಾಲದಲ್ಲಿ ಅಡಿಟಿಪ್ಪಣಿಯ ಹಾಗೆ ಆ ಹೆಸರು ಬಂದುಹೋಯಿತೆಂದು ಅವರು ದಾಖಲಿಸಿದ್ದಾರೆ. ಅನಂತರ ಕಥೆಯೊಂದಕ್ಕಾಗಿ ಕಪ್ಪುಜನರ ಮಾಟ-ಮಂತ್ರದ ಆಚರಣೆಗಳನ್ನು ಕುರಿತು ಮಾಹಿತಿ ಹುಡುಕುತ್ತಿದ್ದಾಗ, ಬಿಳಿಯ ವಿದ್ವಾಂಸರ ಬರಹಗಳ ಅಡಿಟಿಪ್ಪಣಿಯಲ್ಲಿ ಮತ್ತೆ ಹರ್ಸ್ಟನ್ ಎದುರಾದರು. ವಾಕರ್ ಆ ಟಿಪ್ಪಣಿಯನ್ನು ಬೆನ್ನುಹತ್ತಿ ಮೂಲಕೃತಿಗಳನ್ನು ಓದಿದರು. 1970ರ ದಶಕದ ಆರಂಭದಲ್ಲಿ ವೆಲ್ಸ್‌ಲಿ ಕಾಲೇಜಿನಲ್ಲಿ ಕಪ್ಪು ಲೇಖಕಿಯರನ್ನು ಕುರಿತ ಪಾಠಕ್ರಮವೊಂದನ್ನು ಬೋಧಿಸಿದರು. ಆ ಬಗೆಯ ಪಾಠಕ್ರಮಗಳಲ್ಲಿ ಅದು ಮೊತ್ತಮೊದಲಿನವುಗಳಲ್ಲೊಂದು.

1973ರ ಆಗಸ್ಟ್ ತಿಂಗಳಲ್ಲಿ ವಾಕರ್ ಫ್ಲಾರಿಡಾಕ್ಕೆ ಹೋಗಿ, ತಾವು ಹರ್ಸ್ಟನ್ ಅವರ ಸೋದರ ಸೊಸೆಯೆಂದು ಹೇಳಿಕೊಂಡು ವಿಚಾರಿಸಿ, ಹುಲ್ಲು ಬೆಳೆದ ಸ್ಮಶಾನದಲ್ಲಿ ಸಮಾಧಿಯ ಜಾಗವನ್ನು ಅಂದಾಜಿನಿಂದ ಗುರುತಿಸಿ ಕಲ್ಲನ್ನು ಹಾಕಿಸಿದರು. ರಕ್ತಸಂಬಂಧವಿಲ್ಲದ ಕಡೆ ಓದಿನ ಸಂಬಂಧವೇ ಬಂಧುತ್ವದ ಹಕ್ಕನ್ನು ಪಡೆದುಕೊಂಡ ಸಂದರ್ಭವಿದು. ಈ ಶೋಧವನ್ನು ಕುರಿತ ಅವರ ಪ್ರಬಂಧ 1975ರಲ್ಲಿ ‘ಮಿಜ್’ ಎಂಬ ಸ್ತ್ರೀವಾದಿ ಪತ್ರಿಕೆಯಲ್ಲಿ ಪ್ರಕಟವಾಗಿ ವ್ಯಾಪಕವಾಗಿ ಓದಲ್ಪಟ್ಟಿತು.

ವಾಕರ್ ಅವರದು ಒಂಟಿ ಪ್ರಯತ್ನವಾಗಿರಲಿಲ್ಲ. ಆ ವರ್ಷಗಳಲ್ಲಿ ಕಾದಂಬರಿಯ ಪ್ರತಿಗಳು ಅಂಗಡಿಗಳಲ್ಲಿ ಸಿಗದಿದ್ದಾಗ, ಕಪ್ಪು ಸಾಹಿತ್ಯವನ್ನು ಬೋಧಿಸುತ್ತಿದ್ದ ಅಧ್ಯಾಪಕಿಯರು ಅದನ್ನು ಕೈಯಿಂದ ಕೈಗೆ ದಾಟಿಸಿದರೆಂಬುದನ್ನು ವಿಮರ್ಶಕಿ ಮೇರಿ ಹೆಲೆನ್ ವಾಷಿಂಗ್ಟನ್ ವಿವರಿಸಿದ್ದಾರೆ. ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ 1975ರ ಅಧಿವೇಶನದಲ್ಲಿ ಕಾದಂಬರಿಯನ್ನು ಮರುಮುದ್ರಿಸಬೇಕೆಂಬ ಮನವಿಗೆ ಸಹಿಗಳನ್ನು ಸಂಗ್ರಹಿಸಲಾಯಿತು. 1977ರಲ್ಲಿ ರಾಬರ್ಟ್ ಹೆಮೆನ್‌ವೇ ಬರೆದ ಜೀವನಚರಿತ್ರೆ ಹೊರಬಂತು. 1978ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮುದ್ರಣಾಲಯವು ಕಾದಂಬರಿಯನ್ನು ಮರುಪ್ರಕಟಿಸಿತು. 1979ರಲ್ಲಿ ವಾಕರ್ ಸಂಪಾದಿಸಿದ ಹರ್ಸ್ಟನ್ ವಾಚಿಕೆ ಬಂತು. ಬಾಯಿಮಾತಿನ ಶಿಫಾರಸು ಕ್ರಮವಾಗಿ ಮನವಿ, ಜೀವನಚರಿತ್ರೆ, ಮರುಮುದ್ರಣ, ಸಂಪಾದಿತ ವಾಚಿಕೆ ಎಂಬ ಮೆಟ್ಟಿಲುಗಳನ್ನು ಹತ್ತಿ ಪಠ್ಯಕ್ರಮವನ್ನು ತಲುಪಿದ ಬಗೆ ಇದು.

ಇಲ್ಲೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ವಾಕರ್ ಹಾಕಿಸಿದ ಕಲ್ಲಿನ ಮೇಲೆ ಹರ್ಸ್ಟನ್ ಅವರ ಜನ್ಮವರ್ಷ 1901 ಎಂದಿದೆ. ಹರ್ಸ್ಟನ್ ತಮ್ಮ ವಯಸ್ಸನ್ನು ಕಡಿಮೆ ಮಾಡಿ ಹೇಳುತ್ತಿದ್ದುದೇ ಇದಕ್ಕೆ ಕಾರಣ. ಅದು 1891 ಎಂಬುದನ್ನು ಅನಂತರದ ಸಂಶೋಧನೆ ಸ್ಥಾಪಿಸಿತು. ಅಭಿಮಾನದ ಓದು ಸಮಾಧಿಯನ್ನು ಹುಡುಕಿತು. ದಾಖಲೆಗಳ ಓದು ವರ್ಷವನ್ನು ತಿದ್ದಿತು. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಅವಕಾಶವೇ ಒದಗುತ್ತಿರಲಿಲ್ಲ.

5

ಹರ್ಸ್ಟನ್ ಅವರ ವಿಷಯದಲ್ಲಿ ಶಿಫಾರಸು ಮರಣಾನಂತರ ಬಂತು. ಜೀವಂತ ಲೇಖಕಿಯರ ವಿಷಯದಲ್ಲಿ ಅದೇ ಕೆಲಸವನ್ನು ಟೋನಿ ಮಾರಿಸನ್ ಸಂಸ್ಥೆಯೊಳಗಿನಿಂದ ಮಾಡಿದರು. ರ್‍ಯಾಂಡಮ್ ಹೌಸ್ ಪ್ರಕಾಶನದಲ್ಲಿ 1983ರವರೆಗೆ ಸಂಪಾದಕಿಯಾಗಿದ್ದ ಅವರು ಟೋನಿ ಕೇಡ್ ಬಂಬಾರಾ, ಗೇಲ್ ಜೋನ್ಸ್, ಏಂಜೆಲಾ ಡೇವಿಸ್ ಮೊದಲಾದವರ ಕೃತಿಗಳನ್ನು ಹೊರತಂದರು. ಆದರೆ ಮಾರಿಸನ್ ಅವರಿಗೇ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. 1987ರಲ್ಲಿ ಪ್ರಕಟವಾದ ‘ಬಿಲವೆಡ್’ ಕಾದಂಬರಿಗೆ ನ್ಯಾಷನಲ್ ಬುಕ್ ಪ್ರಶಸ್ತಿ ತಪ್ಪಿದಾಗ 48 ಮಂದಿ ಕಪ್ಪು ಲೇಖಕರು ಹಾಗೂ ವಿಮರ್ಶಕರು 1988ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪುಸ್ತಕ ಪುರವಣಿಯಲ್ಲಿ ಬಹಿರಂಗ ಹೇಳಿಕೆ ಪ್ರಕಟಿಸಿದರು. ಅದೇ ವರ್ಷ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಇದು ಒತ್ತಡತಂತ್ರವೆಂಬ ಟೀಕೆಯೂ ಕೇಳಿಬಂತು. ಪ್ರಬಲರ ಪರಸ್ಪರ ಮೆಚ್ಚುಗೆ ಅಭಿರುಚಿ ಎನಿಸಿಕೊಳ್ಳುತ್ತದೆ; ಅಂಚಿನವರ ಮೆಚ್ಚುಗೆ ವಶೀಲಿ ಎನಿಸಿಕೊಳ್ಳುತ್ತದೆ. ವೀಟ್ಲಿಯವರ ಪರವಾಗಿ 18 ಮಂದಿ ಹಾಕಿದ ಸಹಿಯ ಪಕ್ಕದಲ್ಲಿ ಈ 48 ಸಹಿಗಳನ್ನಿಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಮೊದಲಿನವರು ಲೇಖಕಿಗೆ ಪ್ರಮಾಣಪತ್ರ ಕೊಟ್ಟರು. ಎರಡನೆಯವರು ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನೇ ಪ್ರಶ್ನಿಸಿದರು.

ದೂರದರ್ಶನ ಕಾರ್ಯಕ್ರಮಗಳ ನಿರೂಪಕಿ ಓಪ್ರಾ ವಿನ್‌ಫ್ರೀ 1996ರಲ್ಲಿ ಆರಂಭಿಸಿದ ಪುಸ್ತಕ ಬಳಗ ಈ ಪರಂಪರೆಯ ಮತ್ತೊಂದು ಮಜಲು. ಆ ವರ್ಷ ಮಾರಿಸನ್ ಅವರ 1977ರ ಕಾದಂಬರಿ ‘ಸಾಂಗ್ ಆಫ್ ಸಾಲೊಮನ್’ ಆಯ್ಕೆಯಾಯಿತು; 2002ರ ವೇಳೆಗೆ ಅವರ ನಾಲ್ಕು ಕಾದಂಬರಿಗಳು ಈ ಬಳಗದ ಮೂಲಕ ಅಸಂಖ್ಯ ಸಾಮಾನ್ಯ ಓದುಗರನ್ನು ತಲುಪಿದುವು. 1993ರ ನೊಬೆಲ್ ಪ್ರಶಸ್ತಿಯೂ ಒದಗಿಸಿಕೊಡದಷ್ಟು ಓದುಗರನ್ನು ಒಬ್ಬ ಕಪ್ಪು ಮಹಿಳೆಯ ಮಾತು ಒದಗಿಸಿಕೊಟ್ಟಿತು.

6

ಶಿಫಾರಸಿನ ಮಿತಿಗಳನ್ನೂ ಗುರುತಿಸಬೇಕಾಗುತ್ತದೆ. ಮೊದಲನೆಯದಾಗಿ, ಅದು ಒಬ್ಬರನ್ನು ಎತ್ತಿಹಿಡಿಯುವಾಗ ಅವರ ಸಮಕಾಲೀನರು ಕತ್ತಲಲ್ಲೇ ಉಳಿಯಬಹುದು. ‘ಪಾಸಿಂಗ್’ ಕಾದಂಬರಿಯನ್ನು 1929ರಲ್ಲಿ ಬರೆದ ನೆಲ್ಲಾ ಲಾರ್ಸೆನ್ ದಾದಿಯಾಗಿ ದುಡಿದು 1964ರಲ್ಲಿ ಅಜ್ಞಾತರಾಗಿ ತೀರಿಕೊಂಡರು. ಅವರ ಕಾದಂಬರಿಗಳನ್ನು ಡೆಬೊರಾ ಮ್ಯಾಕ್‌ಡೊವೆಲ್ ಅವರ ಸಂಪಾದಕತ್ವದಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯ ಮರುಪ್ರಕಟಿಸಿದ್ದು 1986ರಲ್ಲಿ. ಎರಡನೆಯದಾಗಿ, ಪುಸ್ತಕದ ಪಟ್ಟಿಯೇ ಓದಿನ ಬದಲಿಯಾಗುವ ಅಪಾಯವಿದೆ. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದಾಗ ಜನಾಂಗದ್ವೇಷವನ್ನು ಅರಿಯಲು ಓದಬೇಕಾದ ಪುಸ್ತಕಗಳ ಪಟ್ಟಿಗಳು ಎಲ್ಲೆಡೆ ಹರಡಿದುವು. ಅದೇ ವರ್ಷದ ಮಾರ್ಚ್ 13ರಂದು ತಮ್ಮ ಮನೆಯಲ್ಲೇ ಪೊಲೀಸರ ಗುಂಡಿಗೆ ಬಲಿಯಾದ ಬ್ರಿಯೋನಾ ಟೇಲರ್ ಅವರ ಹೆಸರು ರಾಷ್ಟ್ರದ ಗಮನಕ್ಕೆ ಬರಲು ಎರಡು ತಿಂಗಳಷ್ಟು ಕಾಲ ಹಿಡಿದಿತ್ತು. ಇಂಥ ಸಾವಿಗೀಡಾದ ಕಪ್ಪು ಮಹಿಳೆಯರ ಹೆಸರನ್ನು ಹೇಳಿರೆಂದು ಕ್ರೆನ್‌ಶಾ ಹಾಗೂ ಅವರ ಸಂಗಡಿಗರು 2014ರಲ್ಲೇ ಆರಂಭಿಸಿದ ಅಭಿಯಾನದ ಅಗತ್ಯ ಇನ್ನೂ ತೀರಿರಲಿಲ್ಲ.

ಮೂರನೆಯ ಮಿತಿ ವಿದ್ವತ್ ಲೋಕಕ್ಕೇ ಸಂಬಂಧಿಸಿದ್ದು. ಕಪ್ಪು ಮಹಿಳೆಯರ ಚಿಂತನೆಯನ್ನು ಬಳಸಿಕೊಂಡು ಅವರ ಹೆಸರನ್ನು ಕೈಬಿಡುವ ಪ್ರವೃತ್ತಿಯ ವಿರುದ್ಧ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಸ್ಮಿತ್ 2017ರಲ್ಲಿ ಅಭಿಯಾನವೊಂದನ್ನು ಆರಂಭಿಸಿದರು. ಕಪ್ಪು ಮಹಿಳೆಯರನ್ನು ಉಲ್ಲೇಖಿಸಿರಿ ಎಂಬುದಷ್ಟೇ ಅದರ ಒತ್ತಾಯ. ಹರ್ಸ್ಟನ್ ಕೂಡ ಮಾನವಶಾಸ್ತ್ರಜ್ಞೆಯಾಗಿದ್ದರೆಂಬುದನ್ನೂ, ಬೇರೆಯವರ ಅಡಿಟಿಪ್ಪಣಿಯಲ್ಲಿ ಉಳಿದುಕೊಂಡಿದ್ದ ಕಾರಣದಿಂದಲೇ ವಾಕರ್ ಅವರಿಗೆ ಸಿಕ್ಕಿದರೆಂಬುದನ್ನೂ ಇಲ್ಲಿ ನೆನೆಯಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ಅವಗಣನೆಯು ಯಾರೋ ಒಬ್ಬರ ದುರುದ್ದೇಶದಿಂದ ನಡೆಯುವುದಕ್ಕಿಂತ ಹೆಚ್ಚಾಗಿ ವಿಮರ್ಶೆ, ಮುದ್ರಣ, ಬೋಧನೆ, ಉಲ್ಲೇಖ ಎಂಬ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚುವುದರಿಂದ ನಡೆಯುತ್ತದೆ. ವೈಯಕ್ತಿಕ ಶಿಫಾರಸು ಆ ಸರಪಳಿಯನ್ನು ಮತ್ತೆ ಕೂಡಿಸಲು ಆರಂಭಿಸಬಲ್ಲದು, ಆದರೆ ತಾನೇ ಸರಪಳಿಯಾಗಲಾರದು. ಮರುಮುದ್ರಣವಾಗಿ, ಪಾಠಕ್ರಮವಾಗಿ, ಸಂಶೋಧನೆಯಾಗಿ ಮುಂದುವರಿದಾಗ ಮಾತ್ರ ಅದು ಚರಿತ್ರೆಯನ್ನು ತಿದ್ದುತ್ತದೆ. ಈ ದೃಷ್ಟಿಯಿಂದ ಪಾಠಪಟ್ಟಿ ಸಿದ್ಧಪಡಿಸುವ ಅಧ್ಯಾಪಕರೂ, ಅಡಿಟಿಪ್ಪಣಿ ಬರೆಯುವ ಸಂಶೋಧಕರೂ ಶಿಫಾರಸುದಾರರೇ. ಅವರು ಬಿಟ್ಟ ಹೆಸರನ್ನು ಮುಂದಿನ ತಲೆಮಾರಿನವರು ಸ್ಮಶಾನದ ಹುಲ್ಲಿನ ನಡುವೆ ಹುಡುಕಬೇಕಾಗುತ್ತದೆ.