ಕಥೋಲಿಕ ಮತದಲ್ಲಿ ಗರ್ಭಸ್ಥ ಜೀವ: ಒಂದು ಪಾಠಭೇದದ ವಿಚಾರ

ಗರ್ಭಸ್ಥ ಶಿಶುವಿನ ವಧೆಯನ್ನು ಕಥೋಲಿಕ ಕ್ರೈಸ್ತರು ಮಹಾಪಾಪವೆಂದೆಣಿಸುವರೆಂಬುದು ಸರ್ವವಿದಿತ. ಆದರೆ ಜೀವಾತ್ಮನು ಪಿಂಡವನ್ನು ಎಂದು ಪ್ರವೇಶಿಸುವನೆಂಬ ವಿಷಯದಲ್ಲಿ ಅವರ ಆಚಾರ್ಯರೊಳಗೆ ಏಕವಾಕ್ಯತೆಯಿರಲಿಲ್ಲ. ಈ ವಿವಾದಕ್ಕೆ ಒಂದು ಪಾಠಭೇದವೂ ಕಾರಣವಾಯಿತೆಂಬುದು ಭಾಷಾವ್ಯಾಸಂಗಿಗಳು ಗಮನಿಸತಕ್ಕ ಸಂಗತಿ.

ಜಗಳದಲ್ಲಿ ಗರ್ಭಿಣಿಗೆ ಪೆಟ್ಟು ತಗುಲಿ ಗರ್ಭವು ಜಾರಿದರೆ ವಿಧಿಸತಕ್ಕ ದಂಡವನ್ನು ವಿಮೋಚನಕಾಂಡದ 21ನೆಯ ಅಧ್ಯಾಯವು ಹೇಳುತ್ತದೆ. ಹೀಬ್ರೂ ಮೂಲದಲ್ಲಿ ದಂಡಭೇದಕ್ಕೆ ನಿಮಿತ್ತವು ಹಾನಿಯುಂಟಾಯಿತೇ ಇಲ್ಲವೇ ಎಂಬುದು. ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿಯಾದರೋ ಶಿಶುವು ರೂಪುಗೊಂಡಿತ್ತೇ ಇಲ್ಲವೇ ಎಂಬುದು. ಗ್ರೀಕ್ ಪಾಠವನ್ನನುಸರಿಸಿದ ಲ್ಯಾಟಿನ್ ಅನುವಾದವನ್ನು ಓದಿದ ಅಗಸ್ಟೀನನು ಈ ಭೇದವನ್ನು ಚರ್ಚಿಸಿದನು. 13ನೆಯ ಶತಮಾನದ ತೋಮಸ್ ಅಕ್ವಿನಾಸನು ಅರಿಸ್ಟಾಟಲನ ಮತವನ್ನು ಹಿಡಿದು, ಪಿಂಡದಲ್ಲಿ ಮೊದಲು ಸಸ್ಯಸಾಮಾನ್ಯವೂ ಬಳಿಕ ಪ್ರಾಣಿಸಾಮಾನ್ಯವೂ ಕಡೆಗೆ ವಿವೇಕಯುತವೂ ಆದ ಆತ್ಮವು ನೆಲಸುವುದೆಂದನು. (ಗಂಡಿಗೆ 40, ಹೆಣ್ಣಿಗೆ 90 ದಿನಗಳೆಂಬ ಅರಿಸ್ಟಾಟಲನ ಲೆಕ್ಕವನ್ನು ಇಂದಿನ ಗರ್ಭವಿಜ್ಞಾನವು ಒಪ್ಪದು.)

ಪೂರ್ವಾಚಾರ್ಯರು ರೂಪುಗೊಳ್ಳದ ಪಿಂಡದ ನಾಶವನ್ನು ನಿರ್ದೋಷವೆಂದು ಬಗೆದಿದ್ದರೆಂದು ಇದರಿಂದ ಸಾಧಿಸಹೊರಡುವವರುಂಟು. ಅದು ಸಾಧುವಲ್ಲ. ಆ ಕೃತ್ಯವು ನರಹತ್ಯೆಯೆನಿಸುವುದೇ ಎಂಬಲ್ಲಿ ವಿವಾದವಿದ್ದಿತು, ಪಾಪವೆಂಬಲ್ಲಿ ಇರಲಿಲ್ಲ. ಏರಿಳಿತವಾದುದು ದಂಡದಲ್ಲಿ. 1588ರಲ್ಲಿ ಐದನೆಯ ಸಿಕ್ಸ್ಟಸ್ ಪೋಪನು ಉಭಯಕ್ಕೂ ಸಮಾನವಾದ ಘೋರದಂಡವನ್ನು ವಿಧಿಸಿದನು. 1591ರಲ್ಲಿ ಹದಿನಾಲ್ಕನೆಯ ಗ್ರೆಗೊರಿಯು ಅದನ್ನು ಸಡಿಲಿಸಿ, ಬಹಿಷ್ಕಾರವನ್ನು ಜೀವಪ್ರವೇಶಾನಂತರದ ಕೃತ್ಯಕ್ಕೆ ಸೀಮಿತಗೊಳಿಸಿದನು. 1869ರಲ್ಲಿ ಒಂಬತ್ತನೆಯ ಪಯಸನು ಆ ಭೇದವನ್ನೇ ತೊಡೆದನು.

1974ರಲ್ಲಿ ರೋಮಿನಿಂದ ಹೊರಟ ಘೋಷಣೆಯೂ ಜೀವಪ್ರವೇಶಕಾಲವನ್ನು ನಿರ್ಣಯಿಸದೆ ಬಿಟ್ಟಿತು. ಸಂಶಯವಿದ್ದರೂ ನರಹತ್ಯೆಯಾಗಬಹುದಾದ ಕಾರ್ಯಕ್ಕೆ ಕೈಯಿಕ್ಕುವುದೇ ಗುರುತರವಾದ ಪಾಪವೆಂಬುದು ಅದರ ಯುಕ್ತಿ. 1995ರ ಪರಿಪತ್ರದಲ್ಲಿ ಪೋಪ್ ಎರಡನೆಯ ಜಾನ್ ಪಾಲನು ಅದೇ ಯುಕ್ತಿಯನ್ನು ಅವಲಂಬಿಸಿದನು.