ಬೀಜ, ಜೀವಕೋಶ ಮತ್ತು ವಂಶವಾಹಿಯ ಅಭಿವ್ಯಕ್ತಿ: ಬಳ್ಳಾರಿ ಸೀಮೆಯ ಹತ್ತಿಯನ್ನು ಕುರಿತು

ಬೀಜದಂತೆ ವೃಕ್ಷ ಎಂಬುದು ನಮ್ಮ ಜನಪದರ ಪ್ರಸಿದ್ಧ ಗಾದೆ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ಭಾಗ ಭತ್ತಕ್ಕೆ ಹೆಸರಾಯಿತಾದರೂ, ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಎರೆಭೂಮಿಯ ಹಳೆಯ ಬೆಳೆಗಳಲ್ಲಿ ಹತ್ತಿಯೂ ಒಂದು. ಇಲ್ಲಿನ ಒಕ್ಕಲುಮಕ್ಕಳಿಗೆ ಮೇಲಿನ ಗಾದೆ ಬದುಕಿನ ಲೆಕ್ಕಾಚಾರವೇ ಆಗಿದೆ. ಬಿ.ಟಿ. ಹತ್ತಿಯ ಅನುಭವದ ಹಿನ್ನೆಲೆಯಲ್ಲಿ ಅದನ್ನು ಮತ್ತೊಮ್ಮೆ ಪರಿಶೀಲಿಸುವ ಅಗತ್ಯ ಒದಗಿದೆ. ಬೀಜದಲ್ಲಿ ಒಂದು ಗುಣ ಇರುವುದು ಬೇರೆ. ಅದು ಗಿಡದ ಯಾವ ಭಾಗದಲ್ಲಿ, ಎಷ್ಟು ಪ್ರಮಾಣದಲ್ಲಿ ಪ್ರಕಟವಾಗುತ್ತದೆ ಎಂಬುದು ಬೇರೆ. ಈ ವ್ಯತ್ಯಾಸವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಂಶವಾಹಿಯು ಡಿ.ಎನ್.ಎ.ಯಲ್ಲಿ ಅಡಕವಾಗಿರುವ ಒಂದು ಸೂಚನೆ. ಅದರ ನಕಲು ಆರ್.ಎನ್.ಎ. ರೂಪದಲ್ಲಿ ಸಿದ್ಧವಾಗಿ, ಆ ನಕಲಿಗೆ ಅನುಗುಣವಾಗಿ ಪ್ರೋಟೀನು ತಯಾರಾಗುವ ಕ್ರಿಯೆಯನ್ನು ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ಇದು ನಡೆಯುವ ಸ್ಥಳ ಜೀವಕೋಶದ ಬಗೆಯನ್ನು ಅವಲಂಬಿಸಿದೆ. ಬ್ಯಾಕ್ಟೀರಿಯಾಗಳಲ್ಲಿ ಕೋಶಕೇಂದ್ರವಿಲ್ಲವಾದ್ದರಿಂದ ಎರಡೂ ಹಂತಗಳು ಕೋಶದ್ರವ್ಯದಲ್ಲಿಯೇ ನಡೆಯುತ್ತವೆ. ನಕಲು ಪೂರ್ಣಗೊಳ್ಳುವ ಮೊದಲೇ ಪ್ರೋಟೀನಿನ ತಯಾರಿಕೆ ಆರಂಭವಾಗಬಲ್ಲುದು. ಸಸ್ಯ ಹಾಗೂ ಪ್ರಾಣಿಗಳ ಜೀವಕೋಶಗಳಲ್ಲಿ ನಕಲು ಕೋಶಕೇಂದ್ರದೊಳಗೆ ಸಿದ್ಧವಾಗಿ, ಅಲ್ಲಿಯೇ ಪರಿಷ್ಕಾರಗೊಂಡು, ಕೇಂದ್ರದ ಪೊರೆಯ ರಂಧ್ರಗಳ ಮೂಲಕ ಕೋಶದ್ರವ್ಯಕ್ಕೆ ಬರುತ್ತದೆ. ಅಲ್ಲಿನ ರೈಬೋಸೋಮುಗಳಲ್ಲಿ ಪ್ರೋಟೀನು ರೂಪುಗೊಳ್ಳುತ್ತದೆ. ಮೈಟೋಕಾಂಡ್ರಿಯಾ ಮತ್ತು ಕ್ಲೋರೋಪ್ಲಾಸ್ಟುಗಳು ಮಾತ್ರ ಸ್ವಂತ ಡಿ.ಎನ್.ಎ. ಹೊಂದಿದ್ದು, ಕೆಲವು ಪ್ರೋಟೀನುಗಳನ್ನು ತಮ್ಮೊಳಗೇ ತಯಾರಿಸಿಕೊಳ್ಳುತ್ತವೆ.

ಒಂದು ಗಿಡದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಒಂದೇ ವಂಶವಾಹಿಗಳಿರುತ್ತವೆ. ಆದರೆ ಅಭಿವ್ಯಕ್ತಗೊಳ್ಳುವವು ಒಂದೇ ಅಲ್ಲ. ಹತ್ತಿಯ ಎಲೆಯಲ್ಲಿ ದ್ಯುತಿಸಂಶ್ಲೇಷಣೆಗೆ ಬೇಕಾದವು ಕ್ರಿಯಾಶೀಲವಾಗಿರುತ್ತವೆ. ಹತ್ತಿಯ ಒಂದೊಂದು ಎಳೆಯಾದರೋ ಬೀಜದ ಹೊರಪದರದಿಂದ ಉದ್ದವಾಗಿ ಬೆಳೆದ ಒಂದೇ ಜೀವಕೋಶ. ಅಲ್ಲಿ ಸೆಲ್ಯುಲೋಸ್ ತಯಾರಿಸುವ ವಂಶವಾಹಿಗಳು ಪ್ರಧಾನವಾಗಿ ದುಡಿಯುತ್ತವೆ. ಬಳ್ಳಾರಿ ನಗರದಲ್ಲಿ ಹೊಲಿಯುವ ಜೀನ್ಸ್ ಉಡುಪಿನ ಹತ್ತಿನೂಲು ಇಂತಹ ಅಸಂಖ್ಯ ಜೀವಕೋಶಗಳ ಹೊಸೆತವೇ ಆಗಿದೆ.

ಬಿ.ಟಿ. ಹತ್ತಿಯಲ್ಲಿ ಮೇಲೆ ಹೇಳಿದ ಎರಡೂ ಬಗೆಯ ಜೀವಕೋಶಗಳ ಕಥೆ ಕೂಡುತ್ತದೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತನ್ನ ಕೋಶದ್ರವ್ಯದಲ್ಲಿ ಕೀಟಗಳಿಗೆ ವಿಷವಾಗುವ ಪ್ರೋಟೀನಿನ ಹರಳನ್ನು ಕಟ್ಟುತ್ತದೆ. ಆ ವಂಶವಾಹಿಯನ್ನು ಇದ್ದಂತೆಯೇ ಗಿಡಕ್ಕೆ ಸೇರಿಸಿದಾಗ ಫಲ ಅತ್ಯಲ್ಪ. ಆದ್ದರಿಂದ ಸಸ್ಯಕೋಶಕ್ಕೆ ಒಗ್ಗುವಂತೆ ಅದರ ಬರವಣಿಗೆಯನ್ನು ಮಾರ್ಪಡಿಸಿ, ಅದನ್ನು ಚಾಲನೆಗೊಳಿಸಲು ಹೂಕೋಸಿನ ಒಂದು ವೈರಸ್ಸಿನ ಡಿ.ಎನ್.ಎ. ಭಾಗವನ್ನು ಜೋಡಿಸಲಾಯಿತು. ಈ ಚಾಲಕ ಗಿಡದ ಎಲ್ಲ ಭಾಗಗಳಲ್ಲಿ ಕೆಲಸ ಮಾಡಿದರೂ ಎಲ್ಲೆಡೆ ಸಮನಾಗಿ ಮಾಡುವುದಿಲ್ಲ. ಕೆ.ಆರ್. ಕ್ರಾಂತಿ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಷಪ್ರೋಟೀನು ಎಲೆಗಳಲ್ಲಿ ಹೆಚ್ಚಾಗಿಯೂ, ಹೂವಿನ ಅಂಡಾಶಯ ಮತ್ತು ಕಾಯಿಯ ಸಿಪ್ಪೆಯಲ್ಲಿ ಅತಿ ಕಡಿಮೆಯಾಗಿಯೂ ಕಂಡುಬಂದಿತು. ಗಿಡಕ್ಕೆ ವಯಸ್ಸಾದಂತೆ ಅದರ ಪ್ರಮಾಣ ಇಳಿಯುತ್ತಿತ್ತು. ಕಾಯಿಕೊರಕ ಹುಳು ನುಗ್ಗುವುದು ಆ ಕಾಯಿಗೇ ಎಂಬುದನ್ನು ಇಲ್ಲಿ ಗಮನಿಸಬೇಕು. ಇದರ ಜೊತೆಗೆ, ಒಂದೇ ವಂಶವಾಹಿಯ ಹೈಬ್ರಿಡ್ ಗಿಡದ ಕಾಯಿಯೊಳಗಿನ ಬೀಜಗಳಲ್ಲಿ ಸರಿಸುಮಾರು ನಾಲ್ಕರಲ್ಲೊಂದಕ್ಕೆ ಆ ವಂಶವಾಹಿಯೇ ದಕ್ಕಿರುವುದಿಲ್ಲ.

ಸಿರುಗುಪ್ಪಕ್ಕೆ ನೆರೆಯ ಸಿಂಧನೂರು ತಾಲ್ಲೂಕಿನಲ್ಲಿ 1998ರಲ್ಲಿ ರೈತಸಂಘದವರು ಬಿ.ಟಿ. ಹತ್ತಿಯ ಪ್ರಯೋಗದ ಬೆಳೆಯನ್ನು ಸುಟ್ಟು ಪ್ರತಿಭಟಿಸಿದರು. 2002ರಲ್ಲಿ ಅದರ ವಾಣಿಜ್ಯ ಬೇಸಾಯಕ್ಕೆ ಭಾರತದಲ್ಲಿ ಅನುಮತಿ ದೊರೆಯಿತು. 2006ರಲ್ಲಿ ಎರಡು ವಂಶವಾಹಿಗಳ ತಳಿಗಳು ಬಂದವು. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಒಂದು ವಂಶವಾಹಿಯ ಹತ್ತಿಗೆ ನಿರೋಧ ಗಳಿಸಿದ್ದು 2010ರಲ್ಲಿ ಬಹಿರಂಗವಾಯಿತು. ಮುಂದೆ ಎರಡು ವಂಶವಾಹಿಗಳ ತಳಿಗಳೂ ಅದಕ್ಕೆ ತಡೆಯಾಗಲಿಲ್ಲ. ಇದಕ್ಕೆ ಕಾರಣಗಳು ಹಲವು. ಅಭಿವ್ಯಕ್ತಿಯ ಏರುಪೇರನ್ನೂ ಅವುಗಳಲ್ಲಿ ಒಂದೆಂದು ವಿಜ್ಞಾನಿಗಳು ಪರಿಗಣಿಸಿದ್ದಾರೆ.

ಹೀಗಾಗಿ ಬೀಜದ ಪೊಟ್ಟಣದ ಮೇಲಿನ ಹೆಸರು ವಂಶವಾಹಿ ಇದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಅದು ಕಾಯಿಯಲ್ಲಿ ಎಷ್ಟು ದುಡಿಯುತ್ತದೆ ಎಂಬುದನ್ನಲ್ಲ. ಅದನ್ನು ಹೊಲದಲ್ಲಿ ನಿಂತು, ಕಾಯಿ ಬಿಡಿಸಿ ನೋಡಿದ ರೈತನೇ ಮೊದಲು ಅರಿಯುತ್ತಾನೆ. ಜಾನಪದ ಸಂಶೋಧಕರು ಕೃಷಿಜ್ಞಾನವನ್ನು ದಾಖಲಿಸುವಾಗ ಬೀಜದ ಹೆಸರಿನೊಂದಿಗೆ, ಹುಳು ಗಿಡದ ಯಾವ ಭಾಗದಲ್ಲಿ, ಬಿತ್ತಿದ ಎಷ್ಟನೆಯ ದಿನ ಕಂಡಿತು ಎಂಬ ರೈತರ ಮಾತನ್ನೂ ಬರೆದುಕೊಳ್ಳುವುದು ಅವಶ್ಯ. ಅಂತಹ ದಾಖಲೆ ಪ್ರಯೋಗಾಲಯದ ಅಧ್ಯಯನಕ್ಕೆ ಪೂರಕವಾಗುವುದರಲ್ಲಿ ಸಂದೇಹವಿಲ್ಲ.